ಬಂದೂಕಿಗೆ ಮುಂಚಿನ ಹುಡುಗ

ವಿಶಾಖಪಟ್ಟಣ ಅಂದರೆ ಕರ್ನಾಟಕದ ಗೆಳೆಯರಿಗೆ ನೆನಪಾಗುವುದು ಮೂರೇ ಸಂಗತಿ: ಕಡಲ ತೀರ, ಉಕ್ಕಿನ ಕಾರ್ಖಾನೆ, ಅರಕು ಕಣಿವೆಗೆ ಹೋಗುವ ರೈಲು. ನಾನಿರುವ ಪೆಂದುರ್ತಿ ಈ ಮೂರರ ಪಟ್ಟಿಯಲ್ಲಿ ಇಲ್ಲ. ಊರು ಮುಗಿಯುತ್ತ ಬಂದು, ದೂರದಲ್ಲಿ ಬೆಟ್ಟಗಳು ಕಾಣಿಸಿಕೊಳ್ಳುವ ಅಂಚು ಇದು. ಅರಕು ರೈಲು ಇಲ್ಲಿಂದಲೇ ಹಾದುಹೋಗುತ್ತದೆ. ಇನ್ನೊಂದು ಕಡೆ ಸಬ್ಬವರಂ ದಾಟಿ ಅನಕಾಪಲ್ಲಿ, ಅಲ್ಲಿಂದ ನರ್ಸೀಪಟ್ನಂ, ಮತ್ತೆ ಘಾಟಿ ಹತ್ತಿದರೆ ಚಿಂತಪಲ್ಲಿಯ ಕಾಡು. ಕೆಲಸಕ್ಕೆಂದು ಬಂದು ನೆಲೆಸಿದ ನಮ್ಮಂಥವರಿಗೆ ಇವೆಲ್ಲ ಶನಿವಾರ ಭಾನುವಾರದ ದಾರಿಗಳು. ಚಳಿಗಾಲ ಬಂತೆಂದರೆ ಲಂಬಸಿಂಗಿಯ ಮಂಜು ನೋಡಲು ಕಾರು ತುಂಬ ಜನ ಹೋಗುತ್ತೇವೆ, ಫೋಟೊ ತೆಗೆದುಕೊಂಡು ಬರುತ್ತೇವೆ. ಆ ಬೆಟ್ಟಗಳಿಗೆ ರಸ್ತೆ ಕಡಿದವರು ಯಾರು, ಅವರಿಗೆ ಸಿಕ್ಕ ಕೂಲಿ ಎಷ್ಟು ಎಂದು ಕೇಳುವ ಅಭ್ಯಾಸ ನಮಗಿಲ್ಲ. ಅದನ್ನು ಕೇಳಿದ ಒಬ್ಬ ಇದ್ದ. ಅವನು ಶಾಲೆಗೆ ಒಗ್ಗದ ಹುಡುಗ.

ಅಲ್ಲೂರಿ ಸೀತಾರಾಮರಾಜು ಎಂಬ ಹೆಸರು ಈಗ ಕನ್ನಡಿಗರಿಗೂ ಹೊಸದಲ್ಲ. 1974ರಲ್ಲಿ ಕೃಷ್ಣ ಅಭಿನಯದ ತೆಲುಗು ಸಿನಿಮಾ ಬಂದಿತ್ತು. 2022ರಲ್ಲಿ ‘ಆರ್‌ಆರ್‌ಆರ್’ ಬಂದ ಮೇಲಂತೂ, ಅದು ಪೂರ್ತಿ ಕಲ್ಪನೆಯ ಕತೆಯೇ ಆದರೂ, ಹೆಸರು ಮನೆಮನೆಗೆ ತಲುಪಿತು. ಅದೇ ವರ್ಷ ಪಾಡೇರನ್ನು ಕೇಂದ್ರವಾಗಿಟ್ಟುಕೊಂಡು ಅವನ ಹೆಸರಿನ ಜಿಲ್ಲೆಯೂ ಆಯಿತು. ಆಂಧ್ರದ ವೃತ್ತಗಳಲ್ಲಿ ಅವನ ಪ್ರತಿಮೆಗಳಿವೆ. ಗಡ್ಡ, ಕಾವಿ ಬಟ್ಟೆ, ಕೈಯಲ್ಲಿ ಬಿಲ್ಲು, ಉರಿಯುವ ಕಣ್ಣು. ನಮ್ಮಲ್ಲಿ ಸಂಗೊಳ್ಳಿ ರಾಯಣ್ಣನಿಗೆ ಇರುವ ಜಾಗ ಇಲ್ಲಿ ಅವನಿಗಿದೆ.

ಆದರೆ ಈ ಪ್ರತಿಮೆಗಳನ್ನು ನೋಡಿ ನೋಡಿ ನನಗೆ ಕುತೂಹಲ ಹುಟ್ಟಿದ್ದು ಬಂದೂಕು ಹಿಡಿದ ರಾಜುವಿನ ಬಗ್ಗೆ ಅಲ್ಲ. ಅವನ ದಂಗೆ ನಡೆದದ್ದು 1922ರ ಆಗಸ್ಟ್‌ನಿಂದ 1924ರ ಮೇವರೆಗೆ, ಎರಡು ವರ್ಷಕ್ಕೂ ಕಡಿಮೆ. ಅದಕ್ಕೂ ಮುಂಚೆ ಸುಮಾರು ಐದು ವರ್ಷ ಅವನು ಅದೇ ಬೆಟ್ಟಗಳಲ್ಲಿ ಆಯುಧವಿಲ್ಲದೆ ಬದುಕಿದ್ದ. ಅದಕ್ಕೂ ಮುಂಚೆ ಊರಿಂದೂರಿಗೆ, ಶಾಲೆಯಿಂದ ಶಾಲೆಗೆ ಅಲೆದ, ಹೆಚ್ಚು ಮಾತಾಡದ ಹುಡುಗನಾಗಿದ್ದ. ಆ ಹುಡುಗನನ್ನು ಪ್ರತಿಮೆ ಮರೆಸಿಬಿಟ್ಟಿದೆ.

ಅವನು ಹುಟ್ಟಿದ್ದು 1897ರ ಜುಲೈ 4ರಂದು, ಇದೇ ವಿಶಾಖಪಟ್ಟಣದ ಸೀಮೆಯ ಪಾಂಡ್ರಂಗಿ ಎಂಬ ಹಳ್ಳಿಯಲ್ಲಿ, ತಾಯಿಯ ತವರಿನ ಕಡೆ. ತಂದೆ ವೆಂಕಟರಾಮರಾಜು ವೃತ್ತಿಯಿಂದ ಛಾಯಾಗ್ರಾಹಕ. ರಾಜಮಹೇಂದ್ರಿಯ ಸೆಂಟ್ರಲ್ ಜೈಲಿನಲ್ಲಿ ಫೋಟೊ ತೆಗೆಯುವ ಕೆಲಸ. ದಾರಿಯಲ್ಲಿ ಎದುರಾದ ದೊರೆಗೆ ಮಗ ಸಲಾಮು ಹೊಡೆದಾಗ ತಂದೆ ಗದರಿದ ಕತೆಯೊಂದನ್ನು ತೆಲುಗರು ಹೇಳುತ್ತಾರೆ. ಆ ಕತೆ ನಡೆದಂತೆಯೇ ನಡೆದಿರಲಿ ಬಿಡಲಿ, ತಂದೆ ಮಗನ ಜೊತೆ ಬಹಳ ಕಾಲ ಉಳಿಯಲಿಲ್ಲ. ಹುಡುಗ ಚಿಕ್ಕವನಿದ್ದಾಗಲೇ ತೀರಿಕೊಂಡರು. ತಾಯಿ ಸೂರ್ಯನಾರಾಯಣಮ್ಮ, ಒಬ್ಬ ತಮ್ಮ, ಒಬ್ಬ ತಂಗಿ. ಮನೆಯ ಹೊಣೆ ಚಿಕ್ಕಪ್ಪ ರಾಮಕೃಷ್ಣಂ ರಾಜು ಅವರ ಮೇಲೆ ಬಿತ್ತು. ಅವರು ನರಸಾಪುರದಲ್ಲಿ ತಹಸೀಲ್ದಾರರು. ಅಂದರೆ ಮುಂದೆ ಒಬ್ಬ ತಹಸೀಲ್ದಾರನ ಅನ್ಯಾಯದ ವಿರುದ್ಧ ನಿಲ್ಲಬೇಕಾದವನು ಬೆಳೆದದ್ದು ತಹಸೀಲ್ದಾರರ ಆಶ್ರಯದಲ್ಲೇ. ಸರ್ಕಾರ ಹೇಗೆ ನಡೆಯುತ್ತದೆ, ದಫ್ತರಿನ ಮಾತಿಗೆ ಹಳ್ಳಿಯವರು ಹೇಗೆ ತಲೆತಗ್ಗಿಸುತ್ತಾರೆ ಎಂಬುದನ್ನು ಅವನು ಒಳಗಿನಿಂದಲೇ ಕಂಡಿರಬೇಕು.

ಓದು ಹತ್ತಲಿಲ್ಲ. ದಡ್ಡನೆಂದಲ್ಲ, ಒಗ್ಗಲಿಲ್ಲ. ಕಾಕಿನಾಡ, ನರಸಾಪುರ, ವಿಶಾಖಪಟ್ಟಣ ಎಂದು ಶಾಲೆಗಳು ಬದಲಾದವು. ಕಾಕಿನಾಡದಲ್ಲಿ ಸಹಪಾಠಿಯಾಗಿ ಸಿಕ್ಕವನು ಮದ್ದೂರಿ ಅನ್ನಪೂರ್ಣಯ್ಯ, ಮುಂದೆ ಹೆಸರಾಂತ ಪತ್ರಕರ್ತ, ಸ್ವಾತಂತ್ರ್ಯ ಹೋರಾಟಗಾರ. ಆ ಕಾಲದ್ದೆಂದು ಹೇಳುವ ಒಂದು ಕತೆ ಇದೆ. ನಾನಿದನ್ನು ಕತೆಯೆಂದೇ ಹೇಳುತ್ತೇನೆ. 1911ರಲ್ಲಿ ಐದನೇ ಜಾರ್ಜ್ ಪಟ್ಟಕ್ಕೇರಿದಾಗ ಶಾಲೆಯ ಮಕ್ಕಳಿಗೆ ದೊರೆಯ ಚಿತ್ರವಿದ್ದ ಬ್ಯಾಡ್ಜು ಹಂಚಿದರಂತೆ. ರಾಜು ಉಳಿದವನ್ನೆಲ್ಲ ಎಸೆದು ಒಂದನ್ನು ಮಾತ್ರ ತನ್ನ ಅಂಗಿಗೆ ಸಿಕ್ಕಿಸಿಕೊಂಡನಂತೆ. ಗೆಳೆಯ ಕಾರಣ ಕೇಳಿದ್ದಕ್ಕೆ, ನಾವು ಪರರ ಕೈಕೆಳಗೆ ಇದ್ದೇವೆ ಎಂಬುದು ಮರೆಯಬಾರದಲ್ಲ, ಅದಕ್ಕೇ ಎದೆಯ ಹತ್ತಿರ ಇಟ್ಟುಕೊಂಡಿದ್ದೇನೆ ಎಂಬರ್ಥದ ಉತ್ತರ ಕೊಟ್ಟನಂತೆ. ಈ ಕತೆಯನ್ನು ಜನ ಇಷ್ಟು ವರ್ಷ ಕಾಪಾಡಿಕೊಂಡು ಬಂದಿರುವುದು ನನಗೆ ಮುಖ್ಯ ಅನ್ನಿಸುತ್ತದೆ. ಅವರ ನೆನಪಿನಲ್ಲಿ ಉಳಿದ ಹುಡುಗ ಕೂಗಾಡುವವನಲ್ಲ. ಮಾಸ್ತರರ ಎದುರು ಶಿಸ್ತಾಗಿ ನಿಂತು, ಬ್ಯಾಡ್ಜನ್ನು ಹಾಕಿಕೊಂಡೇ, ಅದರ ಅರ್ಥವನ್ನು ತಿರುಗಿಸಿಬಿಟ್ಟವನು.

ಹದಿನೈದರ ಸುಮಾರಿಗೆ ಅವನು ವಿಶಾಖಪಟ್ಟಣದ ಮಿಸೆಸ್ ಎ.ವಿ.ಎನ್. ಕಾಲೇಜಿಗೆ ಸೇರಿದ. ಹಳೆ ಊರಿನ ಒನ್ ಟೌನ್ ಭಾಗದಲ್ಲಿ ಆ ಕಾಲೇಜು ಇವತ್ತಿಗೂ ಇದೆ. ಕನ್ನಡಿಗರಿಗೆ ಅದರ ಬಗ್ಗೆ ಹೇಳಬೇಕಾದ ಇನ್ನೊಂದು ಮಾತಿದೆ. ಮುಂದೆ ಬೆಂಗಳೂರಿನವರೇ ಆಗಿಹೋದ ಸಿ.ವಿ. ರಾಮನ್ ಓದಿದ್ದೂ ಅಲ್ಲಿಯೇ. ಅವರ ತಂದೆ ಅಲ್ಲಿ ಅಧ್ಯಾಪಕರಾಗಿದ್ದರು. ರಾಮನ್ ಹದಿಮೂರರ ಹೊತ್ತಿಗೆ ಅಲ್ಲಿನ ಎಫ್‌.ಎ. ಪರೀಕ್ಷೆ ಮುಗಿಸಿ ಮದ್ರಾಸಿಗೆ ಹೋದರು. ಅದಾಗಿ ಹತ್ತು ವರ್ಷದ ಆಚೀಚೆ ಅದೇ ಜಾಗಕ್ಕೆ ಬಂದ ರಾಜು ನಾಲ್ಕನೆಯ ಫಾರಂನಲ್ಲೇ ನಿಂತುಹೋದ. ಪರೀಕ್ಷೆಯ ಪಟ್ಟಿಯಲ್ಲಿ ಮೊದಲಿನವನನ್ನು ಗುರುತಿಸುವುದು ಸುಲಭ. ಎರಡನೆಯವನಿಗೆ ಅಲ್ಲಿ ಕಾಲಮ್ಮೇ ಇರಲಿಲ್ಲ.

ತರಗತಿಯಲ್ಲಿ ಇಲ್ಲದ ಹೊತ್ತು ಅವನು ಎಲ್ಲಿರುತ್ತಿದ್ದ? ಊರಾಚೆ. ವಿಶಾಖಪಟ್ಟಣದ ಸೀಮೆಯ ದೂರದ ಹಳ್ಳಿಗಳಲ್ಲಿ, ಬೆಟ್ಟದ ಬುಡದಲ್ಲಿ. ಗಿಡಮೂಲಿಕೆ, ಜ್ಯೋತಿಷ, ಹಸ್ತಸಾಮುದ್ರಿಕೆ, ಕುದುರೆ ಸವಾರಿ ಇವು ಅವನಿಗೆ ಹಿಡಿಸಿದ ವಿದ್ಯೆಗಳು. ಮನೆಯಲ್ಲೇ ಕೂತು ತೆಲುಗು, ಸಂಸ್ಕೃತ, ಹಿಂದಿ, ಇಂಗ್ಲಿಷ್ ಓದಿಕೊಂಡ. ಚಿಕ್ಕಪ್ಪನ ದೃಷ್ಟಿಯಿಂದ ನೋಡಿದರೆ ಸಂಕಟದ ವಿಷಯವೇ. ತಂದೆಯಿಲ್ಲದ ಹಿರಿಮಗ, ಒಂದು ಗುಮಾಸ್ತೆಯ ಕೆಲಸಕ್ಕೂ ಬೇಕಾದ ಸರ್ಟಿಫಿಕೇಟು ಇಲ್ಲ, ಬೇರು ನಾರು ಎನ್ನುತ್ತ ತಿರುಗುತ್ತಾನೆ. ಹದಿನೆಂಟಕ್ಕೆ ಅವನು ಸಂನ್ಯಾಸಿಯಾದ. ಉತ್ತರದ ತೀರ್ಥಕ್ಷೇತ್ರಗಳನ್ನು ಸುತ್ತಿ ಬಂದು, 1917ರ ಹೊತ್ತಿಗೆ ಗೂಡೆಂ ಬೆಟ್ಟಗಳ ಬುಡದ ಕೃಷ್ಣದೇವಿಪೇಟೆಯಲ್ಲಿ ನೆಲೆ ನಿಂತ. ‘ಸೀತಾ’ ಎಂಬುದು ಅವನ ಹೆಸರಿಗೆ ಸೇರಿದ್ದು ಅಕಾಲದಲ್ಲಿ ತೀರಿಹೋದ ಹುಡುಗಿಯೊಬ್ಬಳ ನೆನಪಿಗೆ ಎಂಬ ಕತೆ ಸಿನಿಮಾದವರಿಗೆ ಬಹಳ ಪ್ರಿಯ. ಹಬ್ಬಿರುವುದಂತೂ ನಿಜ. ಆದರೆ ಅವನು ಏಕೆ ಬೆಟ್ಟ ಹತ್ತಿದ ಎಂಬುದಕ್ಕೆ ಪ್ರೇಮಕತೆಗಿಂತ ದೊಡ್ಡ ಕಾರಣ ಆ ಬೆಟ್ಟದಲ್ಲೇ ಇತ್ತು.

ಅದೇನೆಂದು ತಿಳಿಯಲು ‘ಪೋಡು’ ಎಂಬ ಪದದಿಂದ ಶುರು ಮಾಡಬೇಕು. ಕಾಡಿನ ಒಂದು ತುಂಡು ಕಡಿದು, ಒಣಗಿಸಿ, ಬೇಸಿಗೆಯ ಕೊನೆಗೆ ಸುಟ್ಟು, ಮಳೆ ಬಿದ್ದೊಡನೆ ಆ ಬೂದಿಯಲ್ಲಿ ರಾಗಿ, ಸಾಮೆ, ಜೋಳ ಬಿತ್ತುವುದು. ಒಂದೆರಡು ವರ್ಷವಾದ ಮೇಲೆ ಆ ನೆಲವನ್ನು ಮತ್ತೆ ಕಾಡಿಗೇ ಬಿಟ್ಟು ಮುಂದಕ್ಕೆ ಹೋಗುವುದು. ಇದು ನಮಗೆ ಅಪರಿಚಿತವಲ್ಲ. ಉತ್ತರ ಕನ್ನಡದವರು ಇದನ್ನೇ ಕುಮರಿ ಎಂದರು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಇವತ್ತಿಗೂ ತಮ್ಮ ಹಾಡಿಗಳನ್ನು ಪೋಡು ಎಂದೇ ಕರೆಯುತ್ತಾರೆ. ಹತ್ತೊಂಬತ್ತನೆಯ ಶತಮಾನದ ಅರಣ್ಯ ಇಲಾಖೆಗೆ ಮಾತ್ರ ಇದು ಬೇಸಾಯವಾಗಿ ಕಾಣಲಿಲ್ಲ, ಮರದ ನಷ್ಟವಾಗಿ ಕಂಡಿತು. ಕುಮರಿಗೆ ಕಡಿವಾಣ ಬಿತ್ತು. ಇತ್ತ 1882ರ ಮದ್ರಾಸ್ ಅರಣ್ಯ ಕಾಯಿದೆ ಬಂದು ಕಾಡನ್ನು ಮೀಸಲು ಮಾಡಿತು. ಪೋಡು, ಸೌದೆ, ದನ ಮೇಯಿಸುವುದು ಎಲ್ಲಕ್ಕೂ ಅಡ್ಡಿ. ನಿನ್ನೆಯವರೆಗೆ ಬದುಕಾಗಿದ್ದದ್ದು ಇವತ್ತಿನಿಂದ ಅಪರಾಧ. ಹಿಡಿದರೆ ದಂಡ, ಇಲ್ಲವೆ ಕಾವಲುಗಾರನಿಗೆ ಕೋಳಿ.

ಬೆಟ್ಟದವರ ಸಿಟ್ಟು ಹೊಸದೂ ಅಲ್ಲ. ಅದಕ್ಕೂ ಮೊದಲು 1879ರಲ್ಲೇ ಪಕ್ಕದ ರಂಪ ಸೀಮೆ ಹೊತ್ತಿ ಉರಿದಿತ್ತು. ಆಗ ಕಾರಣಗಳಲ್ಲಿ ಒಂದು ಕಳ್ಳಿನ ಮೇಲಿನ ತೆರಿಗೆ. ಇಲ್ಲಿ ಜೀಲುಗು ಎನ್ನುವ ಮರ, ನಮ್ಮ ಮಲೆನಾಡಿನ ಬೈನೆ, ಬೆಟ್ಟದವರಿಗೆ ಬೇಸಿಗೆಯ ಆಹಾರವೂ ಹೌದು. ಅದಕ್ಕೂ ಸುಂಕ ಕಟ್ಟಿಸಿದರು. ಬ್ರಿಟಿಷ್ ದಾಖಲೆಗಳು ಇಂಥ ದಂಗೆಗಳನ್ನು ‘ಫಿತೂರಿ’ ಎಂದು ಕರೆದು ಮುಗಿಸಿದವು. ಚರಿತ್ರಕಾರ ಡೇವಿಡ್ ಆರ್ನಾಲ್ಡ್ 1839ರಿಂದ 1924ರವರೆಗಿನ ಗೂಡೆಂ-ರಂಪ ದಂಗೆಗಳ ಬಗ್ಗೆ ಬರೆದ ಪ್ರಬಂಧ ‘ಸಬಾಲ್ಟರ್ನ್ ಸ್ಟಡೀಸ್’ನ ಮೊದಲ ಸಂಪುಟದಲ್ಲಿದೆ. ಎಂಬತ್ತೈದು ವರ್ಷ ಪದೇ ಪದೇ ಎದ್ದ ಜನವನ್ನು ಯಾರೋ ಹೊರಗಿನಿಂದ ಬಂದು ಎಬ್ಬಿಸಿದರು ಎನ್ನುವುದು ಸರಿಯಲ್ಲ. ರಾಜು ಬರುವ ಮೊದಲೇ ಅವರು ಎಚ್ಚರವಾಗಿದ್ದರು.

ಇದರ ಮೇಲೆ ಬಂದದ್ದು ರಸ್ತೆ. ಗೂಡೆಂನ ತಹಸೀಲ್ದಾರ ಬ್ಯಾಸ್ಟಿಯನ್ ಎಂಬಾತ ನರ್ಸೀಪಟ್ನಂ ಕಡೆಯಿಂದ ಬೆಟ್ಟಕ್ಕೆ ರಸ್ತೆ ಹಾಕಿಸುವಾಗ ಬೆಟ್ಟದವರನ್ನು ಬಲವಂತದಿಂದ ದುಡಿಸಿದ, ಸರಿಯಾದ ಕೂಲಿ ಕೊಡಲಿಲ್ಲ. ಘಾಟಿ ರಸ್ತೆ ಕಡಿಯುವುದೆಂದರೆ ಬಂಡೆ ಒಡೆಯುವುದು, ಮಲೇರಿಯಾ, ಹೊಲ ಬಿಟ್ಟು ಹೋಗುವುದು. ಕಾಡಿನ ಮರ ಕೆಳಗೆ ಇಳಿಯಲು, ಪೊಲೀಸು ಮೇಲೆ ಹತ್ತಲು ಆ ರಸ್ತೆ ಬೇಕಿತ್ತು. ಅದನ್ನು ಕಡಿದವರಿಗೆ ಅದು ಬೇಕಿರಲಿಲ್ಲ.

ಇಂಥ ಜಾಗಕ್ಕೆ ಇಪ್ಪತ್ತು ವರ್ಷದ, ಕಾವಿ ಉಟ್ಟ, ಮೆಲುದನಿಯ ಹುಡುಗ ಬಂದು ಕೂತ. ಮೊದಲು ಅವನು ಮಾಡಿದ್ದು ಮದ್ದು ಕೊಡುವುದು. ತರಗತಿ ತಪ್ಪಿಸಿಕೊಂಡು ಕಲಿತ ಬೇರು ನಾರಿನ ವಿದ್ಯೆ ಇಲ್ಲಿ ಜ್ವರಕ್ಕೆ, ಗಾಯಕ್ಕೆ ಬಂತು. ಜಾತಕ ನೋಡಿ ಹೇಳುವುದು ಜನ ಹತ್ತಿರ ಬಂದು ಕೂರಲು ನೆಪವಾಯಿತು. ಬಂದವರು ತಮ್ಮ ಕಷ್ಟ ಹೇಳಿಕೊಂಡರು, ಅವನು ಕೇಳಿಸಿಕೊಂಡ. ಅವನಿಗೆ ದೈವೀ ಶಕ್ತಿಯಿದೆಯೆಂದು ಜನ ನಂಬಿದರು. ತನಗೆ ವಿಶೇಷ ಶಕ್ತಿಗಳಿವೆಯೆಂದು ಅವನೂ ಹೇಳಿಕೊಂಡ. ಈ ಮಾತನ್ನು ಮುಚ್ಚಿಡುವ ಅಗತ್ಯ ಇಲ್ಲ. ಹತ್ತನೆಯ ತರಗತಿಯ ಎನ್‌ಸಿಇಆರ್‌ಟಿ ಪುಸ್ತಕದಲ್ಲೇ ಇದೆ. ಆದರೆ ಪವಾಡದ ಮಾತಿನಿಂದ ಐದು ವರ್ಷ ಒಂದು ಸೀಮೆಯ ನಂಬಿಕೆ ಉಳಿಸಿಕೊಳ್ಳಲಾಗುವುದಿಲ್ಲ. ರೋಗಿಯ ಪಕ್ಕ ಕೂತರೆ ಉಳಿಸಿಕೊಳ್ಳಬಹುದು.

ಆ ಹೊತ್ತಿಗೆ ಕೆಳಗಿನ ಬಯಲಿನಲ್ಲಿ ಅಸಹಕಾರ ಚಳವಳಿ ಎದ್ದಿತ್ತು. ಬೆಜವಾಡದಲ್ಲಿ, ಅಂದರೆ ಇವತ್ತಿನ ವಿಜಯವಾಡದಲ್ಲಿ, 1921ರ ಮಾರ್ಚ್ ಕೊನೆಗೆ ಅಖಿಲ ಭಾರತ ಕಾಂಗ್ರೆಸ್ ಸಮಿತಿ ಸೇರಿತು. ಗಾಂಧೀಜಿ ಬಂದಿದ್ದರು. ಒಂದು ಕೋಟಿ ಸದಸ್ಯರು, ತಿಲಕ್ ಸ್ವರಾಜ್ಯ ನಿಧಿಗೆ ಒಂದು ಕೋಟಿ ರೂಪಾಯಿ, ಇಪ್ಪತ್ತು ಲಕ್ಷ ಚರಕ ಎಂಬ ಗುರಿ ಹಾಕಿಕೊಂಡದ್ದು ಅಲ್ಲಿ. ಪಿಂಗಳಿ ವೆಂಕಯ್ಯ ಗಾಂಧೀಜಿಯವರಿಗೆ ಧ್ವಜದ ವಿನ್ಯಾಸ ಒಪ್ಪಿಸಿದ್ದೂ ಅಲ್ಲಿಯೇ. ಬೆಟ್ಟದ ಮೇಲಿನ ಸಂನ್ಯಾಸಿ ಆ ಚಳವಳಿಯಿಂದ ತನಗೆ ಬೇಕಾದ್ದನ್ನು ಆರಿಸಿಕೊಂಡ. ಖಾದಿ ಉಡಿ ಎಂದ. ಕುಡಿತ ಬಿಡಿ ಎಂದ. ನಿಮ್ಮ ಜಗಳಗಳನ್ನು ಕೋರ್ಟಿಗೆ ಒಯ್ಯಬೇಡಿ, ನಮ್ಮಲ್ಲೇ ಪಂಚಾಯ್ತಿ ಮಾಡಿ ಮುಗಿಸೋಣ ಎಂದ.

ಕೇಳಲು ಇವು ಸಾಧು ಸಂತರು ಹೇಳುವ ಸಜ್ಜನಿಕೆಯ ಮಾತುಗಳ ಹಾಗಿವೆ. ಬೆಟ್ಟದಲ್ಲಿ ಇವುಗಳ ಅರ್ಥವೇ ಬೇರೆ. ಕುಡಿಯದವನಿಂದ ಅಬಕಾರಿಗೆ ಕಾಸು ಹುಟ್ಟುವುದಿಲ್ಲ. ಕಳ್ಳಿನ ಹಕ್ಕಿಗಾಗಿ 1879ರಲ್ಲಿ ದಂಗೆಯೆದ್ದ ಸೀಮೆಯ ಜನರ ಮೊಮ್ಮಕ್ಕಳು ಈಗ ಕಳ್ಳನ್ನೇ ಬಿಟ್ಟರೆ ಸುಂಕದವನು ಏನು ಮಾಡಬೇಕು? ಕೋರ್ಟಿಗೆ ಹೋಗದವನನ್ನು ವಕೀಲ, ಗುಮಾಸ್ತೆ, ಸಾಹುಕಾರ ಯಾರೂ ಸುಲಿಯಲಾರರು. ಯಾರ ಮೇಲೂ ಕೈಯೆತ್ತದೆ, ಯಾವ ಕಾಯಿದೆಯನ್ನೂ ಮುರಿಯದೆ, ತನ್ನ ಮಾತು ಕೇಳುವ ಪ್ರಜೆಗಳಿಲ್ಲದ ಹಾಗೆ ಸರ್ಕಾರವನ್ನು ಒಂಟಿ ಮಾಡುವ ದಾರಿ ಇದು. ಅಂಗಿಗೆ ಬ್ಯಾಡ್ಜು ಸಿಕ್ಕಿಸಿಕೊಂಡ ಹುಡುಗನ ಬುದ್ಧಿಯೇ ಇಲ್ಲಿಯೂ ಇದೆ ಎಂದು ನನಗೆ ಅನ್ನಿಸುತ್ತದೆ.

ಸರ್ಕಾರಕ್ಕೂ ಇದು ಅರ್ಥವಾಗಿತ್ತು. 1922ರ ಆರಂಭದಲ್ಲೇ, ಒಂದು ಗುಂಡೂ ಹಾರುವ ಮುಂಚೆ, ಪೊಲೀಸರು ಅವನನ್ನು ವಿಚಾರಿಸಿದರು, ಅವನ ಮೇಲೆ ಕಣ್ಣಿಟ್ಟರು, ಗೂಡೆಂ ಬೆಟ್ಟಗಳಿಂದ ದೂರ ಇರಿಸಿದರು. ಮದ್ದು ಕೊಡುವ, ಪಂಚಾಯ್ತಿ ಮಾಡುವ ಸಂನ್ಯಾಸಿಯಲ್ಲಿ ಅವರು ಕಂಡ ಅಪಾಯ ಏನು? ಜನ ತಹಸೀಲ್ದಾರನ ಬಳಿಗೆ ಹೋಗುವುದನ್ನು ಬಿಟ್ಟು ಇವನ ಬಳಿಗೆ ಬರುತ್ತಿದ್ದರು. ಅಷ್ಟು ಸಾಕಿತ್ತು.

ಮುಂದಿನದು ಎಲ್ಲರಿಗೂ ಗೊತ್ತಿರುವ ಭಾಗ, ಬೇಗ ಹೇಳುತ್ತೇನೆ. ಚೌರಿಚೌರದ ನಂತರ 1922ರ ಫೆಬ್ರುವರಿಯಲ್ಲಿ ಗಾಂಧೀಜಿ ಚಳವಳಿ ನಿಲ್ಲಿಸಿದರು. ಬೆಟ್ಟದಲ್ಲಿ ಅರಣ್ಯ ಕಾಯಿದೆ ನಿಲ್ಲಲಿಲ್ಲ, ಬ್ಯಾಸ್ಟಿಯನ್ ನಿಲ್ಲಲಿಲ್ಲ. ಗಾಂಧೀಜಿಯ ಹಿರಿಮೆಯನ್ನು ಕೊಂಡಾಡುತ್ತಲೇ ರಾಜು, ಬಿಡುಗಡೆ ಸಿಗುವುದು ಬಲದಿಂದ ಮಾತ್ರ ಎಂಬ ತೀರ್ಮಾನಕ್ಕೆ ಬಂದ. ಗಾಂ ಗಂಟಂ ದೊರ, ಗಾಂ ಮಲ್ಲು ದೊರ ಎಂಬ ಅಣ್ಣತಮ್ಮಂದಿರು ಜೊತೆಗೂಡಿದರು. ಆಗಸ್ಟ್ 22, 23, 24, ಮೂರು ದಿನ ಸಾಲಾಗಿ ಚಿಂತಪಲ್ಲಿ, ಕೃಷ್ಣದೇವಿಪೇಟೆ, ರಾಜವೊಮ್ಮಂಗಿ ಠಾಣೆಗಳ ಮೇಲೆ ದಾಳಿ. ತೆಗೆದುಕೊಂಡ ಬಂದೂಕುಗಳ ಲೆಕ್ಕವನ್ನು ಠಾಣೆಯಲ್ಲೇ ಬರೆದು, ಸಹಿ ಹಾಕಿ ಹೋದ. ಸೆಪ್ಟೆಂಬರ್ 24ರಂದು ದಾಮನಪಲ್ಲಿ ಘಾಟಿಯಲ್ಲಿ ಹೊಂಚು ಹಾಕಿದಾಗ, ಮುಂದೆ ಬಂದ ಭಾರತೀಯ ಪೊಲೀಸರನ್ನು ಹೋಗಲು ಬಿಟ್ಟು, ಹಿಂದಿದ್ದ ಸ್ಕಾಟ್ ಕವರ್ಡ್, ಹೇಟರ್ ಎಂಬ ಇಬ್ಬರು ಬಿಳಿಯ ಅಧಿಕಾರಿಗಳ ಮೇಲೆ ಗುಂಡು ಹಾರಿಸಿದರು. ಮಲಬಾರ್ ಸ್ಪೆಷಲ್ ಪೊಲೀಸ್ ಬಂತು, ಅಸ್ಸಾಂ ರೈಫಲ್ಸ್ ಬಂತು. ಅವನ ತಲೆಗೆ 10,000 ರೂಪಾಯಿ ಬಹುಮಾನ. 1924ರ ಮೇ 7ರಂದು ಹಿಡಿದು, ಕೊಯ್ಯೂರಿನಲ್ಲಿ ಮರಕ್ಕೆ ಕಟ್ಟಿ, ವಿಚಾರಣೆಯಿಲ್ಲದೆ ಗುಂಡಿಕ್ಕಿ ಕೊಂದರು. ಇಪ್ಪತ್ತೇಳು ತುಂಬಿರಲಿಲ್ಲ. ಸಮಾಧಿ ಕೃಷ್ಣದೇವಿಪೇಟೆಯಲ್ಲಿದೆ. ಗಾಂಧೀಜಿ ಮುಂದೆ ಅವನ ಹಿಂಸೆಯ ದಾರಿಯನ್ನು ಒಪ್ಪದೆಯೇ ಧೈರ್ಯವನ್ನು, ತ್ಯಾಗವನ್ನು ಮೆಚ್ಚಿ ಬರೆದರು.

ದಂಗೆಯಿಂದ ಏನು ಸಿಕ್ಕಿತು ಎಂದು ಲೆಕ್ಕ ಹಾಕಿದರೆ ಉತ್ತರ ಕಹಿಯಾಗಿದೆ. ಅರಣ್ಯ ಕಾಯಿದೆ ಉಳಿಯಿತು. ಊರುಗಳ ಮೇಲೆ ಪೊಲೀಸರು ಮುಗಿಬಿದ್ದರು. ಆಶ್ರಯ ಕೊಟ್ಟವರು ಜೈಲಿಗೆ ಹೋದರು. ಹಾಗಾದರೆ ಐದು ವರ್ಷದ ಸೌಮ್ಯವೂ ಸೋತಿತು, ಎರಡು ವರ್ಷದ ಬಂದೂಕೂ ಸೋತಿತು ಎನ್ನಬೇಕೆ? ನನಗೆ ಹಾಗೆ ಹೇಳಲು ಆಗುವುದಿಲ್ಲ. ಸೈನ್ಯವೇ ಬಂದರೂ, ಅಷ್ಟು ದೊಡ್ಡ ಬಹುಮಾನವಿದ್ದರೂ ಬೆಟ್ಟದ ಜನ ಸುಮಾರು ಇಪ್ಪತ್ತು ತಿಂಗಳು ಅವನನ್ನು ಬಚ್ಚಿಟ್ಟುಕೊಂಡರು. ಅದು ಬಂದೂಕು ಗಳಿಸಿದ ನಿಷ್ಠೆಯಲ್ಲ. ಬಂದೂಕಿಗೆ ಮುಂಚಿನ ವರ್ಷಗಳು ಗಳಿಸಿಕೊಟ್ಟದ್ದು.

ಅನಂತರದ ದಾರಿಯೂ ಕುತೂಹಲದ್ದೇ. ಸೆರೆಯಾಗಿ ವರ್ಷಗಟ್ಟಲೆ ಜೈಲಿನಲ್ಲಿದ್ದ ಗಾಂ ಮಲ್ಲು ದೊರ, ಸ್ವತಂತ್ರ ಭಾರತದ ಮೊದಲ ಚುನಾವಣೆಯಲ್ಲಿ ವಿಶಾಖಪಟ್ಟಣದಿಂದ ಗೆದ್ದು ಲೋಕಸಭೆಗೆ ಹೋದರು. 1997ರಲ್ಲಿ ಸಮತಾ ಪ್ರಕರಣದಲ್ಲಿ, ಇದೇ ವಿಶಾಖಪಟ್ಟಣದ ಬುಡಕಟ್ಟು ಸೀಮೆಯ ಗಣಿ ಗುತ್ತಿಗೆಗಳ ವಿಚಾರದಲ್ಲಿ, ಅನುಸೂಚಿತ ಪ್ರದೇಶದ ಭೂಮಿಯನ್ನು ಖಾಸಗಿ ಗಣಿಗಾರಿಕೆಗೆ ಕೊಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. 2006ರಲ್ಲಿ ಅರಣ್ಯ ಹಕ್ಕು ಕಾಯಿದೆ ಬಂತು. ಅದರಡಿ 2011ರಲ್ಲಿ ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ, ಹುಲಿ ರಕ್ಷಿತಾರಣ್ಯದೊಳಗೇ, ಸಮುದಾಯದ ಹಕ್ಕು ಸಿಕ್ಕಿತು. 1882ರಲ್ಲಿ ಅಪರಾಧವಾಗಿದ್ದ ಬದುಕು ಹಕ್ಕು ಎಂದು ಕಾಗದದ ಮೇಲೆ ಬರಲು ನೂರಿಪ್ಪತ್ತು ವರ್ಷದ ಮೇಲೆ ಬೇಕಾಯಿತು. ಇದರಲ್ಲಿ ಹೆಚ್ಚಿನ ಪಾಲು ಅರ್ಜಿ ಬರೆದವರದು, ಸಭೆಗೆ ನಡೆದುಹೋದವರದು, ಹೆಬ್ಬೆಟ್ಟು ಒತ್ತಲು ಒಪ್ಪದವರದು. ಅವರ ಪ್ರತಿಮೆಗಳಿಲ್ಲ.

ಈ ಬರಹವನ್ನು ಹೊರನಾಡಿನಲ್ಲಿರುವ ನಮ್ಮವರಿಗೆಂದು ಬರೆಯುತ್ತಿರುವುದಕ್ಕೆ ಒಂದು ಕಾರಣವಿದೆ. ನಮ್ಮಲ್ಲಿ ಅನೇಕರು ಓದಿನ ಏಣಿ ಹತ್ತಿಯೇ ಊರು ಬಿಟ್ಟು ಬಂದವರು. ವಿಜಯವಾಡದಿಂದ ವಿಶಾಖಪಟ್ಟಣದವರೆಗೆ ಹೆದ್ದಾರಿಯುದ್ದಕ್ಕೂ ಕೋಚಿಂಗ್ ಕಾಲೇಜುಗಳ ಹೋರ್ಡಿಂಗುಗಳು. ಪ್ರತಿ ಮುಖದ ಕೆಳಗೂ ಒಂದು ರ‍್ಯಾಂಕು. ಅಂಥ ಹಾಸ್ಟೆಲುಗಳಲ್ಲಿ ಬೆಳಗಿನ ಜಾವದಿಂದ ರಾತ್ರಿಯವರೆಗೆ ಕೂತಿರುವ ಮಕ್ಕಳಲ್ಲಿ, ಪಾಠ ಕೇಳದೆ ಕಿಟಕಿಯಾಚೆ ನೋಡುವ, ಗೆಳೆಯನಿಗೆ ಜ್ವರ ಬಂದರೆ ರಾತ್ರಿಯಿಡೀ ಎದ್ದು ಕೂರುವ, ವಾರ್ಡನ್ ಬೇರೆಯವನಿಗೆ ಹೊಡೆದರೆ ಸುಮ್ಮನೆ ಎದ್ದು ನಿಂತುಬಿಡುವ ಹುಡುಗ ಹುಡುಗಿಯರು ಇದ್ದೇ ಇರುತ್ತಾರೆ. ನಮ್ಮ ಮನೆಗಳಲ್ಲೂ ಇದ್ದಾರೆ. ಅವರ ಬಗ್ಗೆ ನಾವು ಆಡುವ ಮಾತು ಒಂದೇ: ಯಾವುದಕ್ಕೂ ಒಗ್ಗುವುದಿಲ್ಲ.

ಎಲ್ಲರೂ ಅಲ್ಲೂರಿಯಾಗಬೇಕಿಲ್ಲ, ಯಾರೂ ಬಂದೂಕು ಹಿಡಿಯುವುದೂ ಬೇಡ. ಆದರೆ ಒಗ್ಗದಿರುವುದು ಎಲ್ಲ ಸಲವೂ ಕೊರತೆಯಲ್ಲ. ಕೆಲವೊಮ್ಮೆ ಅದು, ಎಲ್ಲರೂ ರೂಢಿಯಾಗಿ ಬಿಟ್ಟಿರುವ ಅನ್ಯಾಯವೊಂದು ಒಬ್ಬರಿಗೆ ಮಾತ್ರ ಇನ್ನೂ ರೂಢಿಯಾಗಿಲ್ಲ ಎಂಬುದರ ಗುರುತು. ನಾಲ್ಕನೆಯ ಫಾರಂ ಮುಗಿಸದ ಹುಡುಗನೊಬ್ಬನಿಗೆ ರಸ್ತೆ ಕಡಿಯುವವರ ಕೂಲಿ ಎಷ್ಟು ಎಂದು ಕೇಳಬೇಕೆನ್ನಿಸಿತು. ಪರೀಕ್ಷೆ ಪಾಸಾದವರಿಗೆ ಅನ್ನಿಸಿರಲಿಲ್ಲ.